ಮೊದಲು ಎಲ್ಲವನ್ನೂ ಹೊರಗೆ, ಆಮೇಲೆ ಬೇಕಾದ್ದು ಒಳಗೆ: ಕಿಡ್ನಿ ಕೆಲಸ ಮಾಡುವ ಬಗೆ

ಕಿಡ್ನಿ ಎಂದರೆ ರಕ್ತ ಸೋಸುವ ಜರಡಿ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಅದು ಬರೀ ಜರಡಿಯಾಗಿದ್ದರೆ ನಾವು ಒಂದು ಗಂಟೆಯೂ ಬದುಕುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ. ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 125 ಮಿ.ಲೀ. ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ನಮ್ಮ ರಕ್ತದಲ್ಲಿರುವ ದ್ರವಭಾಗ, ಅಂದರೆ ಪ್ಲಾಸ್ಮಾ, ಇರುವುದೇ ಸುಮಾರು 3 ಲೀಟರ್. ಸೋಸಿದ್ದೆಲ್ಲ ಹೊರಗೆ ಹೋಗುವುದಾದರೆ ಅರ್ಧ ಗಂಟೆಯೊಳಗೆ ರಕ್ತನಾಳಗಳು ಒಣಗಿಬಿಡುತ್ತಿದ್ದವು.

ಹಾಗೆ ಆಗದಿರುವುದೇ ಕಿಡ್ನಿಯ ನಿಜವಾದ ಕೆಲಸ. ದಿನಕ್ಕೆ 180 ಲೀಟರ್ ಸೋಸಿ, ಅದರಲ್ಲಿ 178 ಲೀಟರಿಗೂ ಹೆಚ್ಚನ್ನು ಅದು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಉಳಿದ ಒಂದೂವರೆ ಲೀಟರ್ ಮಾತ್ರ ಮೂತ್ರ.

ಇಷ್ಟು ಸುತ್ತಿ ಬಳಸುವ ದಾರಿ ಯಾಕೆ? ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಮಾಡುವವರಿಗೆ ಇದು ಗೊತ್ತು. ಕತ್ತಲಲ್ಲಿ ಕೂತು ಬೇಡದ್ದನ್ನು ಒಂದೊಂದಾಗಿ ಹುಡುಕುವುದಕ್ಕಿಂತ, ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಬೇಕಾದ್ದನ್ನು ಮಾತ್ರ ಮತ್ತೆ ಮೇಲೇರಿಸುವುದು ಖಚಿತ. ಬೇಡದ್ದರ ಪಟ್ಟಿ ಇಟ್ಟುಕೊಳ್ಳಬೇಕಾಗಿಲ್ಲ. ಯಾರೂ ಕೇಳದ್ದು ತಾನಾಗಿಯೇ ಅಂಗಳದಲ್ಲಿ ಉಳಿಯುತ್ತದೆ. ನಿನ್ನೆ ಮೊನ್ನೆ ಕಂಡುಹಿಡಿದ ಮಾತ್ರೆಯಾದರೂ ಸರಿ, ನೀರಿನಲ್ಲಿ ಕರಗಿ ಜರಡಿ ದಾಟಿದರೆ, ವಾಪಸ್ ಕರೆಯುವವರಿಲ್ಲದೆ ಹೊರಗೆ ಹೋಗುತ್ತದೆ. ಪೆನಿಸಿಲಿನ್‌ನಂಥ ಕೆಲವನ್ನಂತೂ ಕಿಡ್ನಿಯ ನಳಿಕೆಗಳು ತಾವೇ ರಕ್ತದಿಂದ ಎಳೆದು ಆಚೆ ಹಾಕುತ್ತವೆ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಕಿಡ್ನಿಯ ರಚನೆ, ಕಾಯಿಲೆ, ಲ್ಯಾಬ್ ರಿಪೋರ್ಟು, ಪಥ್ಯ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಎಲ್ಲಿದೆ, ಹೇಗಿದೆ

ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಹೆಬ್ಬೆರಳು ಬೆನ್ನಿನ ಕಡೆ ಎಲ್ಲಿ ಬರುತ್ತದೋ ಅದಕ್ಕಿಂತ ಸ್ವಲ್ಪ ಮೇಲೆ, ಬೆನ್ನುಮೂಳೆಯ ಎರಡು ಬದಿಗೆ, ಕೊನೆಯ ಎರಡು ಪಕ್ಕೆಲುಬುಗಳ ಆಸರೆಯಲ್ಲಿ ಕಿಡ್ನಿಗಳಿವೆ. ಹೊಟ್ಟೆಯ ಚೀಲದ ಒಳಗಲ್ಲ, ಅದರ ಹಿಂದೆ. ಮೇಲೆ ಲಿವರ್ ಇರುವುದರಿಂದ ಬಲಗಡೆಯದು ಸಾಮಾನ್ಯವಾಗಿ ಒಂಚೂರು ಕೆಳಗಿರುತ್ತದೆ. ಆಕಾರ ಗೇರುಬೀಜದ್ದು. ಉದ್ದ 10ರಿಂದ 12 ಸೆಂ.ಮೀ., ಅಗಲ 5–6, ದಪ್ಪ ಸುಮಾರು 3. ತೂಕ 120ರಿಂದ 170 ಗ್ರಾಂ. ಸುತ್ತ ಕೊಬ್ಬಿನ ಮೆತ್ತೆ, ತಲೆಯ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿ. ಉಸಿರಾಡುವಾಗ ಕಿಡ್ನಿ ಕೂಡ ಮೇಲೆ ಕೆಳಗೆ ಜಾರುತ್ತದೆ. ಸ್ಕ್ಯಾನಿಂಗ್ ಮಾಡುವವರು "ಉಸಿರು ಬಿಗಿ ಹಿಡೀರಿ" ಎನ್ನುವುದು ಅದಕ್ಕೇ.

ಗೇರುಬೀಜದ ಒಳಬಾಗಿನಲ್ಲಿ ಮೂರು ಕೊಳವೆಗಳು ಬಂದು ಸೇರುತ್ತವೆ: ರಕ್ತ ತರುವ ಅಪಧಮನಿ, ರಕ್ತ ಒಯ್ಯುವ ಅಭಿಧಮನಿ, ಮೂತ್ರ ಇಳಿಸುವ ಮೂತ್ರನಾಳ. ಕಿಡ್ನಿಯನ್ನು ಉದ್ದಕ್ಕೆ ಸೀಳಿದರೆ ಬರಿಗಣ್ಣಿಗೇ ಎರಡು ಪದರ ಕಾಣುತ್ತವೆ. ಹೊರಗೆ ಸುಮಾರು ಒಂದು ಸೆಂ.ಮೀ. ದಪ್ಪದ ತೊಗಟೆ, ನುಣ್ಣಗೆ ಕಾಳುಕಾಳಾದ ಕಂದುಗೆಂಪು. ಒಳಗೆ ಗೆರೆಗೆರೆಯಾಗಿ ಕಾಣುವ ತಿರುಳು. ಮನುಷ್ಯರಲ್ಲಿ ಈ ತಿರುಳು 8ರಿಂದ 18 ಪಿರಮಿಡ್ಡುಗಳಾಗಿ ಒಡೆದಿರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಕುರಿಯ ಕಿಡ್ನಿ ಸೀಳಿ ನೋಡಿದವರಿಗೆ ಪಿರಮಿಡ್ಡುಗಳೆಲ್ಲ ಬೆಸೆದುಕೊಂಡು ಒಂದೇ ಏಣಿನಂತೆ ಕಂಡಿರುತ್ತದೆ. ಮನುಷ್ಯರ ಕಿಡ್ನಿಗೆ ಹೋಲಿಕೆ ಹೆಚ್ಚಿರುವುದು ಹಂದಿಯದ್ದಕ್ಕೆ. ಪ್ರತಿ ಪಿರಮಿಡ್ಡಿನ ತುದಿಯಿಂದ ಮೂತ್ರ ತೊಟ್ಟಿಕ್ಕಿ ಸಣ್ಣ ಬಟ್ಟಲುಗಳಿಗೆ, ಅಲ್ಲಿಂದ ಆಲಿಕೆಯಂಥ ಭಾಗಕ್ಕೆ, ಅಲ್ಲಿಂದ 25–30 ಸೆಂ.ಮೀ. ಉದ್ದದ ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಇಳಿಯುತ್ತದೆ.

ಇಷ್ಟು ಚಿಕ್ಕ ಅಂಗಕ್ಕೆ ರಕ್ತ ಬರುವ ಪ್ರಮಾಣ ಮಾತ್ರ ಬೆರಗು ಹುಟ್ಟಿಸುವಂಥದ್ದು. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳಿದರೆ ಅದರಲ್ಲಿ ಒಂದು ಲೀಟರಿಗೂ ಹೆಚ್ಚು ನೇರ ಇಲ್ಲಿಗೆ ಬರುತ್ತದೆ. ಆ ರಕ್ತದಲ್ಲಿ ಹೆಚ್ಚುಪಾಲು ತೊಗಟೆಗೆ. ತಿರುಳಿಗೆ ಹತ್ತರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಈ ಬಡತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆಫ್ರಾನ್: ಒಂದು ಉಂಡೆ, ಒಂದು ನಳಿಕೆ

ಸೋಸಿ, ಬೇಕಾದ್ದನ್ನು ವಾಪಸ್ ತುಂಬಿಕೊಳ್ಳುವ ಪುಟ್ಟ ಘಟಕವೇ ನೆಫ್ರಾನ್. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ನೆಫ್ರಾನ್‌ಗಳಿವೆ. ಮಗು ಹೊಟ್ಟೆಯಲ್ಲಿರುವಾಗಲೇ, ಸುಮಾರು 36 ವಾರದ ಹೊತ್ತಿಗೆ, ಇವುಗಳ ಎಣಿಕೆ ಮುಗಿದುಹೋಗುತ್ತದೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಕಳೆದುಕೊಂಡದ್ದು ಕಳೆದುಕೊಂಡಂತೆಯೇ, ಉಳಿದವು ಹಿಗ್ಗಿ ಹೆಚ್ಚು ಕೆಲಸ ಹೊರುತ್ತವೆ. ಒಂದು ಕಿಡ್ನಿ ದಾನ ಮಾಡಿದವರಲ್ಲಿ ಆಗುವುದೂ ಇದೇ.

ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಉಂಡೆಯಿದೆ, ಅದು ಗ್ಲೋಮೆರುಲಸ್. ಅದನ್ನು ಅಪ್ಪಿ ಹಿಡಿದ ಬಟ್ಟಲನ್ನು 1842ರಲ್ಲಿ ಅದರ ರಚನೆ ವಿವರಿಸಿದ ವಿಲಿಯಂ ಬೌಮನ್ ಹೆಸರಿನಿಂದ ಕರೆಯುತ್ತಾರೆ. ದೇಹದ ಬೇರೆಡೆ ಇಂಥ ಸಣ್ಣ ನಾಳಗಳಿಗೆ ಒಂದು ಕಡೆ ಮಾತ್ರ ಬಿಗಿಯಾದ ನಲ್ಲಿ. ಇಲ್ಲಿ ಎರಡೂ ಕಡೆ ನಲ್ಲಿ: ರಕ್ತ ಒಳಬರುವಲ್ಲಿ ಒಂದು, ಹೊರಹೋಗುವಲ್ಲಿ ಇನ್ನೊಂದು. ಹೊರಹೋಗುವ ನಲ್ಲಿಯನ್ನು ಸ್ವಲ್ಪ ಬಿಗಿ ಹಿಡಿದಿರುವುದರಿಂದ ಉಂಡೆಯೊಳಗೆ ಒತ್ತಡ 50–60 ಮಿ.ಮೀ. ಪಾದರಸದಷ್ಟು ನಿಲ್ಲುತ್ತದೆ. ಬೇರೆಡೆಯ ಸಣ್ಣ ನಾಳಗಳಲ್ಲಿ ಇದರ ಅರ್ಧವೂ ಇರುವುದಿಲ್ಲ. ಈ ಒತ್ತಡವೇ ದ್ರವವನ್ನು ಹಿಂಡಿ ಬಟ್ಟಲಿಗೆ ಇಳಿಸುವುದು.

ಜರಡಿಗೆ ಮೂರು ಪದರ. ಮೊದಲನೆಯದು ತೂತುತೂತಾದ ರಕ್ತನಾಳದ ಗೋಡೆ. ರಕ್ತಕಣಗಳು ಇಲ್ಲೇ ನಿಲ್ಲುತ್ತವೆ. ಎರಡನೆಯದು ಅಂಟಿನಂಥ ತೆಳು ಹಾಳೆ. ಮೂರನೆಯದು ಪೋಡೋಸೈಟ್ ಎಂಬ ಜೀವಕೋಶಗಳು. ಅವುಗಳ ಪಾದಗಳು ಎರಡು ಕೈಯ ಬೆರಳು ಹೆಣೆದಂತೆ ಒಂದರ ಸಂದಿನಲ್ಲಿ ಇನ್ನೊಂದು ಕೂತಿರುತ್ತವೆ, ನಡುವೆ ಕಣ್ಣಿಗೆ ನಿಲುಕದ ಸೀಳು. ನೀರು, ಉಪ್ಪು, ಸಕ್ಕರೆ, ಯೂರಿಯಾ ಮತ್ತು ಕ್ರಿಯಾಟಿನಿನ್‌ನಂಥ ಕಸ ಸಲೀಸಾಗಿ ದಾಟುತ್ತವೆ. ಆಲ್ಬುಮಿನ್ ಎಂಬ ಪ್ರೋಟೀನು ದಾಟಲಾರದು: ಗಾತ್ರ ದೊಡ್ಡದು, ಜೊತೆಗೆ ಜರಡಿಗೂ ಆಲ್ಬುಮಿನ್‌ಗೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಪೋಡೋಸೈಟುಗಳು ಹಾಳಾದರೆ ಅವು ಒಡೆದು ಎರಡಾಗಿ ಜಾಗ ತುಂಬುವುದಿಲ್ಲ. ಸೀಳು ಅಗಲವಾಗುತ್ತದೆ, ಆಲ್ಬುಮಿನ್ ಸೋರುತ್ತದೆ. ಮೂತ್ರದಲ್ಲಿ ಸೋಪಿನಂಥ ನೊರೆ ಎದ್ದು, ಹೊತ್ತಾದರೂ ಇಳಿಯದಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೆ.

ಸೋಸಿದ ದ್ರವ ನಳಿಕೆಗೆ ಇಳಿದ ಮೇಲೆ ವಾಪಸ್ ತುಂಬಿಕೊಳ್ಳುವ ಕೆಲಸ ಶುರು. ಮೊದಲ ಸುರುಳಿಯಲ್ಲೇ ನೀರು ಮತ್ತು ಉಪ್ಪಿನ ಮೂರರಲ್ಲಿ ಎರಡು ಪಾಲು ರಕ್ತಕ್ಕೆ ಮರಳುತ್ತದೆ. ದಿನಕ್ಕೆ ಜರಡಿ ದಾಟುವ ಉಪ್ಪು ಒಂದು ಕಿಲೋಗಿಂತ ಹೆಚ್ಚು! ಮೂತ್ರದಲ್ಲಿ ಹೋಗುವುದು ನಾವು ತಿಂದಷ್ಟು, ಕೆಲವೇ ಗ್ರಾಂ. ಸಕ್ಕರೆಯೂ ಹಾಗೆ. ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ದಾಟುತ್ತದೆ, ಆರೋಗ್ಯವಂತರಲ್ಲಿ ಅಷ್ಟೂ ಈ ಸುರುಳಿಯಲ್ಲೇ ವಾಪಸ್. ಅದನ್ನು ಹೊರುವ ಹಮಾಲರಿಗೂ ಒಂದು ಮಿತಿಯಿದೆ. ರಕ್ತದ ಸಕ್ಕರೆ 180 ದಾಟಿತೆಂದರೆ ಹೊರಲಾರದ್ದು ಮೂತ್ರಕ್ಕೆ ಬೀಳುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸಕ್ಕರೆ ಕಾಯಿಲೆಯವರು ರಾತ್ರಿ ಮತ್ತೆ ಮತ್ತೆ ಏಳುವುದು, ಬಾಯಾರಿಕೆ ಅನ್ನುವುದು ಇದರಿಂದ.

ಮುಂದಿನ ಭಾಗ ಹೇರ್‌ಪಿನ್ನಿನಂತೆ ತಿರುಳಿಗೆ ಇಳಿದು ಮತ್ತೆ ಮೇಲೇರುವ ಹೆನ್ಲೆಯ ಕುಣಿಕೆ. ಇಳಿಯುವ ಕಾಲಿನಿಂದ ನೀರು ಹೊರಹೋಗುತ್ತದೆ, ಉಪ್ಪಲ್ಲ. ಏರುವ ಕಾಲು ಉಪ್ಪನ್ನು ಪಂಪ್ ಮಾಡಿ ಹೊರಗೆ ಹಾಕುತ್ತದೆ, ನೀರನ್ನು ಬಿಡುವುದಿಲ್ಲ. ಹೀಗೆ ಮಾಡುತ್ತ ಮಾಡುತ್ತ ತಿರುಳಿನ ಆಳದಲ್ಲಿ ಉಪ್ಪು ಮತ್ತು ಯೂರಿಯಾ ಜಮಾಯಿಸಿ, ಅಲ್ಲಿನ ದ್ರವ ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ಯಾಕೆ ಈ ಉಪ್ಪಿನ ಕೊಳ? ಉಪ್ಪಿನಕಾಯಿ ಹಾಕುವವರನ್ನು ಕೇಳಿ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟುಕೊಂಡಿರುತ್ತದೆ. ಮೂತ್ರ ಸಾಗುವ ಕೊನೆಯ ನಾಳ ಇದೇ ಉಪ್ಪಿನ ಕೊಳದ ನಡುವೆ ಹಾದುಹೋಗುತ್ತದೆ. ದೇಹಕ್ಕೆ ನೀರು ಸಾಲದಿದ್ದರೆ ಮೆದುಳಿನಿಂದ ಎಡಿಎಚ್ ಹಾರ್ಮೋನು ಬಂದು ಆ ನಾಳದ ಗೋಡೆಯಲ್ಲಿ ಅಕ್ವಾಪೋರಿನ್ ಎಂಬ ನೀರಿನ ಬಾಗಿಲುಗಳನ್ನು ತೆರೆಸುತ್ತದೆ. (ಇಂಥ ಬಾಗಿಲುಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ನೊಬೆಲ್ ಪಾಲಾಯಿತು.) ನೀರು ತಾನಾಗಿ ಉಪ್ಪಿನ ಕಡೆಗೆ ಹೋಗಿ ರಕ್ತ ಸೇರುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ನೀರು ಹೆಚ್ಚಾಗಿದ್ದರೆ ಬಾಗಿಲು ಮುಚ್ಚಿ ತಿಳಿಮೂತ್ರ. ಎಷ್ಟೇ ಗಟ್ಟಿ ಮಾಡಿದರೂ ಮಾಮೂಲು ಊಟ ಮಾಡುವವರ ಒಂದು ದಿನದ ಕಸವನ್ನು ಕರಗಿಸಿ ಕಳಿಸಲು ಅರ್ಧ ಲೀಟರ್ ಮೂತ್ರವಾದರೂ ಬೇಕೇ ಬೇಕು.

ಈ ಪಂಪುಗಳಿಗೆಲ್ಲ ಆಮ್ಲಜನಕ ಬೇಕು, ಆದರೆ ತಿರುಳಿಗೆ ಬರುವ ರಕ್ತ ಕಡಿಮೆ. ರಕ್ತ ಹೆಚ್ಚು ಹರಿಸಿದರೆ ಉಪ್ಪಿನ ಕೊಳವೇ ತೊಳೆದುಹೋಗುತ್ತದೆ. ಹಾಗಾಗಿ ಕಿಡ್ನಿಯ ಒಳಭಾಗ ಸದಾ ಉಸಿರು ಕಟ್ಟುವ ಅಂಚಿನಲ್ಲೇ ದುಡಿಯುತ್ತಿರುತ್ತದೆ. ಜೋರು ವಾಂತಿ ಭೇದಿ, ರಕ್ತಸ್ರಾವ, ರಕ್ತಕ್ಕೆ ಸೋಂಕು, ಕೊಳಕುಮಂಡಲ ಹಾವಿನ ಕಡಿತ – ಇವುಗಳಲ್ಲಿ ಒಂದೆರಡು ದಿನದಲ್ಲೇ ಮೂತ್ರ ನಿಂತುಹೋಗುವುದು ಹೆಚ್ಚಾಗಿ ಈ ನಳಿಕೆಗಳು ಸಾಯುವುದರಿಂದ. ಸಮಾಧಾನದ ಸಂಗತಿಯೆಂದರೆ ನಳಿಕೆಯ ಜೀವಕೋಶಗಳು, ಪೋಡೋಸೈಟಿನಂತಲ್ಲ, ಮತ್ತೆ ಬೆಳೆಯುತ್ತವೆ. ಬೇಗ ಆಸ್ಪತ್ರೆ ಸೇರಿದವರಲ್ಲಿ ಅನೇಕರಿಗೆ ಕೆಲವು ವಾರ ಡಯಾಲಿಸಿಸ್ ಸಾಕಾಗಿ, ಕಿಡ್ನಿ ಮರಳಿ ಕೆಲಸ ಹಿಡಿಯುತ್ತದೆ. ಹಾವು ಕಡಿದಾಗ ನಾಟಿ ಮದ್ದೆಂದು ಈಶ್ವರಿ ಬೇರು ತೇಯ್ದು ಕುಡಿಸುವುದು ಮಾತ್ರ ಎರಡು ಪಟ್ಟು ಕೇಡು. ಹೊತ್ತು ಹಾಳಾಗುವುದು ಒಂದು. ಆ ಗಿಡದ ಕುಲದಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಇದೇ ನಳಿಕೆಗಳನ್ನು ಕೊಲ್ಲುವ ವಿಷ, ಕ್ಯಾನ್ಸರ್‌ಕಾರಕ ಕೂಡ, ಎನ್ನುವುದು ಇನ್ನೊಂದು.

ನಲ್ಲಿ ತಿರುಗಿಸುವವರು ಯಾರು?

ನಳಿಕೆ ಮೇಲೇರಿ ಬಂದು ತನ್ನದೇ ಉಂಡೆಯ ಎರಡು ನಲ್ಲಿಗಳ ನಡುವೆ ತಾಗಿಕೊಂಡು ಹಾದುಹೋಗುತ್ತದೆ. ಇದು ಕಿಡ್ನಿಯ ರಚನೆಯಲ್ಲೇ ಅತ್ಯಂತ ಜಾಣ ಜಾಗ. ಅಲ್ಲಿನ ಜೀವಕೋಶಗಳು ಹರಿದು ಬಂದ ದ್ರವದ ಉಪ್ಪಿನ ರುಚಿ ನೋಡುತ್ತವೆ. ಉಪ್ಪು ಕಡಿಮೆ ಬಂದರೆ "ಸೋಸುವುದು ಕಡಿಮೆಯಾಗಿದೆ" ಎಂದು ತಿಳಿದು ಒಳಬರುವ ನಲ್ಲಿಯನ್ನು ಸಡಿಲಿಸುತ್ತವೆ, ರೆನಿನ್ ಎಂಬ ಪದಾರ್ಥವನ್ನು ಬಿಡುಗಡೆ ಮಾಡಿಸುತ್ತವೆ. ರೆನಿನ್‌ನಿಂದ ಆಂಜಿಯೋಟೆನ್ಸಿನ್ ಹುಟ್ಟಿ ಹೊರಹೋಗುವ ನಲ್ಲಿಯನ್ನು ಬಿಗಿ ಮಾಡುತ್ತದೆ, ಇಡೀ ದೇಹದ ರಕ್ತದೊತ್ತಡ ಏರಿಸುತ್ತದೆ.

ಸಕ್ಕರೆ ಕಾಯಿಲೆ ಕಿಡ್ನಿಗೆ ಮೋಸ ಮಾಡುವುದು ಸರಿಯಾಗಿ ಇಲ್ಲಿಯೇ. ಗ್ಲೂಕೋಸ್ ಹೊರುವ ಹಮಾಲರು ಒಂಟಿಯಾಗಿ ಹೊರುವುದಿಲ್ಲ, ಜೊತೆಗೆ ಸೋಡಿಯಂ ಅನ್ನೂ ಹೊರುತ್ತಾರೆ. ಸಕ್ಕರೆ ಹೆಚ್ಚಾದರೆ ಸೋಡಿಯಮ್ಮೂ ಮೊದಲೇ ಹೆಚ್ಚು ವಾಪಸ್ ಹೋಗಿ, ರುಚಿ ನೋಡುವ ಜಾಗಕ್ಕೆ ತಲುಪುವ ಉಪ್ಪು ಕಡಿಮೆಯಾಗುತ್ತದೆ. ನಿಜಕ್ಕೂ ಸೋಸುವುದು ಚೆನ್ನಾಗಿಯೇ ನಡೆದಿದ್ದರೂ ಕಿಡ್ನಿ ಸಾಲದೆಂದು ತಿಳಿದು ಒಳ ನಲ್ಲಿ ತೆರೆಯುತ್ತದೆ. ಉಂಡೆಯೊಳಗೆ ಒತ್ತಡ ಏರಿ, ವರ್ಷಗಟ್ಟಲೆ ಆ ಒತ್ತಡ ತಿಂದ ಜರಡಿ ಹರಿಯುತ್ತದೆ. ಈಗ ಹೆಚ್ಚಾಗಿ ಬರೆಯುತ್ತಿರುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಆ ಹಮಾಲರನ್ನೇ ತಡೆಯುತ್ತವೆ. ಸಕ್ಕರೆ ಮೂತ್ರಕ್ಕೆ ಬೀಳುತ್ತದೆ, ಉಪ್ಪು ಮುಂದಕ್ಕೆ ತಲುಪುತ್ತದೆ, ನಲ್ಲಿ ಮತ್ತೆ ಬಿಗಿಯಾಗುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳು ಹೊರಹೋಗುವ ನಲ್ಲಿಯನ್ನು ಸಡಿಲಿಸಿ ಅದೇ ಒತ್ತಡ ಇಳಿಸುತ್ತವೆ. ಇವು ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದು ಕೂಡ ಇದೇ ಕಾರಣಕ್ಕೆ. ಶೇಕಡಾ 30ರೊಳಗಿನ ಏರಿಕೆಗೆ ಹೆದರಿ ಮಾತ್ರೆ ಬಿಟ್ಟುಬಿಡುವುದು ದೊಡ್ಡ ತಪ್ಪು.

ಈಗ ನೋವಿನ ಮಾತ್ರೆಯ ಸಂಗತಿ. ದೇಹದಲ್ಲಿ ನೀರು ಕಡಿಮೆಯಾದಾಗ ಒಳಬರುವ ನಲ್ಲಿಯನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ಪದಾರ್ಥ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮೊದಲಾದವು ಅದನ್ನೇ ತಡೆಯುತ್ತವೆ. ಬಿಪಿಗೆ ಟೆಲ್ಮಿಸಾರ್ಟನ್, ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವ ಹಿರಿಯರು ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ಇಂಥದ್ದೊಂದನ್ನು ತಂದು ನುಂಗಿದರು ಅನ್ನಿ. ಒಳ ನಲ್ಲಿ ಮುಚ್ಚಿತು, ಹೊರ ನಲ್ಲಿ ತೆರೆದಿದೆ, ನೀರೂ ಕಡಿಮೆ. ಉಂಡೆಯೊಳಗೆ ಒತ್ತಡವೇ ಇಲ್ಲ. ಅದರ ಮೇಲೆ ಒಂದು ದಿನ ಭೇದಿಯಾದರೆ ಕಿಡ್ನಿ ಸೋಸುವುದನ್ನೇ ನಿಲ್ಲಿಸಬಹುದು. ಇಂಥವರು ನೋವಿಗೆ ಯಾವ ಮಾತ್ರೆ, ವಾಂತಿ ಭೇದಿಯಾದ ದಿನ ಯಾವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂಬುದನ್ನು ವೈದ್ಯರ ಬಳಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಪ್ಯಾರಸಿಟಮಾಲ್ ಈ ನಲ್ಲಿಯ ತಂಟೆಗೆ ಹೋಗುವುದಿಲ್ಲ.

ಸೋಸುವುದರಾಚೆಯ ಕೆಲಸಗಳನ್ನು ಚುಟುಕಾಗಿ ಹೇಳಿಬಿಡಬಹುದು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಎರಿಥ್ರೋಪೊಯೆಟಿನ್ ಕಳಿಸಿ ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣ ಹೆಚ್ಚಿಸುವುದು, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು, ಊಟದಿಂದ ಹುಟ್ಟುವ ಆಮ್ಲವನ್ನು ದಿನದಿನವೂ ಹೊರಹಾಕುವುದು. ಡಯಾಲಿಸಿಸ್ ಯಂತ್ರ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ರಕ್ತ ತೊಳೆಯಬಲ್ಲದು. ಆದರೆ ಈ ಹಾರ್ಮೋನುಗಳನ್ನು ತಯಾರಿಸಲಾರದು. ಡಯಾಲಿಸಿಸ್‌ನಲ್ಲಿರುವವರಿಗೆ ರಕ್ತಹೀನತೆಗೆಂದು ಇಂಜೆಕ್ಷನ್ ಪ್ರತ್ಯೇಕವಾಗಿ ಕೊಡುವುದು ಅದಕ್ಕೇ.

ರಿಪೋರ್ಟಿನಲ್ಲಿ ನೋಡಬೇಕಾದ್ದು

ಕಿಡ್ನಿ ಕಾಯಿಲೆ ಎಂದರೆ ಬೆನ್ನು ನೋವು ಎಂದುಕೊಂಡವರು ಬಹಳ. ನಿಧಾನವಾಗಿ ಸವೆಯುವ ಕಿಡ್ನಿ ನೋಯುವುದೇ ಇಲ್ಲ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ತಡೆಯಲಾಗದ ನೋವು ಬಂದರೆ ಅದು ಹೆಚ್ಚಾಗಿ ಮೂತ್ರನಾಳದಲ್ಲಿ ಸಿಕ್ಕ ಕಲ್ಲು. 5 ಮಿ.ಮೀ.ಗಿಂತ ಸಣ್ಣ ಕಲ್ಲುಗಳು ಬಹುತೇಕ ತಾವಾಗಿಯೇ ಇಳಿಯುತ್ತವೆ. ಮತ್ತೆ ಕಟ್ಟದಂತೆ ನೋಡಿಕೊಳ್ಳಲು ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಬೇಕು.

ನಿಧಾನದ ಸವೆತವನ್ನು ಹಿಡಿಯುವುದು ಎರಡು ಪರೀಕ್ಷೆಗಳಿಂದ. ಕ್ರಿಯಾಟಿನಿನ್ ಸ್ನಾಯುಗಳ ಕಸ. ಸೋಸುವುದು ಕಡಿಮೆಯಾದಷ್ಟೂ ರಕ್ತದಲ್ಲಿ ಏರುತ್ತದೆ. ಆದರೆ ಅದನ್ನು ಒಂಟಿಯಾಗಿ ಓದಬಾರದು. 0.7 ಇದ್ದವರ ಕಿಡ್ನಿಗಳು ಅರ್ಧ ಶಕ್ತಿ ಕಳೆದುಕೊಂಡಾಗ ಅದು 1.4ರ ಸುಮಾರಿಗೆ ಬರುತ್ತದೆ. 0.7ರಿಂದ 1.4ಕ್ಕೆ ಏರುವ ಈ ದಾರಿಯಲ್ಲಿ ಮುಕ್ಕಾಲು ಪಾಲಿನವರೆಗೂ, ಮಿತಿ ಮೀರಿದೆ ಎನ್ನುವ ನಕ್ಷತ್ರದ ಗುರುತೇ ರಿಪೋರ್ಟಿನಲ್ಲಿ ಬಿದ್ದಿರುವುದಿಲ್ಲ. 1.1 ಎಂಬ ಒಂದೇ ಅಂಕಿಯನ್ನು ತೆಗೆದುಕೊಳ್ಳಿ. 25ರ ಯುವಕನಲ್ಲಿ ಅದು ನಿಮಿಷಕ್ಕೆ 95 ಮಿ.ಲೀ. ಸುಮಾರಿನ ಸೋಸುವಿಕೆ, ಆರೋಗ್ಯ ಸರಿಯಿದೆ. 65ರ ಅಜ್ಜಿಯಲ್ಲಿ ಅದೇ 1.1 ಎಂದರೆ 55ರ ಆಸುಪಾಸು. ಹಾಗಾಗಿ ಕೇಳಬೇಕಾದ್ದು ವಯಸ್ಸು ಮತ್ತು ಲಿಂಗ ಸೇರಿಸಿ ಲೆಕ್ಕ ಹಾಕಿದ ಸೋಸುವಿಕೆಯ ಅಂದಾಜು, ಅಂದರೆ ಇಜಿಎಫ್ಆರ್. ಅದು 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 30ಕ್ಕಿಂತ ಕೆಳಗೆ ನಾಲ್ಕನೇ ಹಂತ, 15ಕ್ಕಿಂತ ಕೆಳಗೆ ಐದನೆಯದು.

ಎರಡನೆಯದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಜರಡಿ ಹರಿಯಲು ಶುರುವಾದದ್ದು ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ ಇದರಲ್ಲಿ ಕಾಣುತ್ತದೆ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನ, ಭಾರಿ ವ್ಯಾಯಾಮದ ಮರುದಿನ ಕೊಡಬಾರದು. ಇವುಗಳಿಂದಲೂ ಅಂಕಿ ಏರುತ್ತದೆ. 30ರೊಳಗಿದ್ದರೆ ಸರಿ. ಮೀರಿದ್ದರೆ ಮೂರು ತಿಂಗಳೊಳಗೆ ಮತ್ತೆ ಮಾಡಿಸಿ, ಮೂರರಲ್ಲಿ ಎರಡು ಸಲ ಏರಿದ್ದರೆ ಮಾತ್ರ ಖಚಿತ. ಸಕ್ಕರೆ ಕಾಯಿಲೆ ಇರುವವರು ಇವೆರಡನ್ನೂ ವರ್ಷಕ್ಕೊಮ್ಮೆ ತಪ್ಪಿಸಬಾರದು. ದುಬಾರಿ ಪ್ಯಾಕೇಜುಗಳಿಗಿಂತ ಈ ಎರಡು ಸಾಲು ಹೆಚ್ಚು ಹೇಳುತ್ತವೆ.

ಕಿಡ್ನಿ ಸೋತ ಮೇಲೆ ಅಡುಗೆಮನೆ

ಕೊನೆಯ ಹಂತಗಳಲ್ಲಿ ಹೆಚ್ಚು ಹೆದರಬೇಕಾದ್ದು ಪೊಟ್ಯಾಸಿಯಂಗೆ. ರಕ್ತದಲ್ಲಿ ಅದು 3.5ರಿಂದ 5ರೊಳಗೆ ಇರಬೇಕು, 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಯಾವ ಮುನ್ಸೂಚನೆಯೂ ಇಲ್ಲದೆ. ಆರೋಗ್ಯವಂತರಿಗೆ ಅಮೃತವಾದ ಎಳನೀರು ಇಲ್ಲಿ ಅಪಾಯ: ಒಂದು ಕಾಯಿಯಲ್ಲಿ 500ರಿಂದ 750 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಪಥ್ಯದಲ್ಲಿರುವವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ ಸುಮಾರು 2,000. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಹಾಕಿರುವುದೇ ಪೊಟ್ಯಾಸಿಯಂ. ಕರಾವಳಿಯ ದಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣನ್ನಂತೂ ಇವರು ಬಾಯಿಗೇ ಹಾಕಬಾರದು. ಅದರಲ್ಲಿರುವ ಒಂದು ವಿಷ ಹೊರಹೋಗಲಾಗದೆ ಮೆದುಳಿಗೇರಿ, ನಿಲ್ಲದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ತರುತ್ತದೆ.

ತರಕಾರಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂನ ಒಳ್ಳೆಯ ಪಾಲು ಆ ನೀರಿನೊಂದಿಗೆ ಹೋಗುತ್ತದೆ. ನಮ್ಮ ಅಡುಗೆಯಲ್ಲಿ ಆ ನೀರನ್ನು ಚೆಲ್ಲುವ ರೂಢಿಯಿಲ್ಲ, ಅದೇ ಬಸ್ಸಾರಾಗುತ್ತದೆ. ಪೊಟ್ಯಾಸಿಯಂ ಏರಿರುವವರ ತಟ್ಟೆಗೆ ಬಸಿದ ಸೊಪ್ಪಿನ ಪಲ್ಯ ಬಡಿಸಿ, ಸಾರನ್ನು ಉಳಿದವರಿಗೆ ಇಡಿ.